ಟ್ರಾವೆಲ್ ಟ್ರೈಲರ್‌ನ ಕರೆಂಟ್ ಕೈಕೊಟ್ಟಾಗ: ಬ್ಯಾಟರಿ ಬದಲಾಯಿಸುವ ಮೊದಲು ಅಳೆದು ನೋಡುವ ಕ್ರಮ

ಅಮೆರಿಕದಲ್ಲಿ ನಿವೃತ್ತಿಗೆ ಇನ್ನೊಂದೆರಡು ವರ್ಷ ಇರುವಾಗಲೇ ಟ್ರಾವೆಲ್ ಟ್ರೈಲರ್ (ಟ್ರಕ್ಕಿನ ಹಿಂದೆ ಎಳೆದೊಯ್ಯುವ ಚಕ್ರದ ಮನೆ) ಕೊಂಡು ಮನೆ ಮುಂದೆ ನಿಲ್ಲಿಸಿಕೊಳ್ಳುವವರಿಗೆ ಒಂದು ದೊಡ್ಡ ಲಾಭವಿದೆ. ಕೆಡುವುದು ಡ್ರೈವ್‌ವೇಯಲ್ಲೇ ಕೆಡುತ್ತದೆ, ಹಾರ್ಡ್‌ವೇರ್ ಅಂಗಡಿ ಹತ್ತಿರದಲ್ಲೇ ಇರುತ್ತದೆ. ಹೊರಗೆ ಹೊರಟ ಮೇಲೆ ಹಾಗಲ್ಲ. ಯೆಲ್ಲೋಸ್ಟೋನ್ ಪಾರ್ಕಿನೊಳಗೆ ಟ್ರೈಲರ್‌ಗೆ ಕರೆಂಟ್ ಸಿಗುವುದು ಫಿಶಿಂಗ್ ಬ್ರಿಜ್ ಒಂದರಲ್ಲೇ. ಅರಿಜೋನಾದ ಕ್ವಾರ್ಟ್ಜ್‌ಸೈಟ್ ಪಕ್ಕದ ಸರ್ಕಾರಿ ಮರುಭೂಮಿಯಲ್ಲಿ ಚಳಿಗಾಲವಿಡೀ ಬಿಡಾರ ಹೂಡುವವರಿಗೆ ತಮ್ಮ ಬ್ಯಾಟರಿ, ತಮ್ಮ ಸೋಲಾರ್ ಬಿಟ್ಟರೆ ಬೇರೆ ಗತಿಯಿಲ್ಲ.

ದೂರು ಸಾಮಾನ್ಯವಾಗಿ ಒಂದೇ: ಬೆಳಗಾಗುವುದರೊಳಗೆ ಬ್ಯಾಟರಿ ಖಾಲಿ. ತಕ್ಷಣ ಎಲ್ಲರೂ ಹೊಸ ಬ್ಯಾಟರಿ ತರುತ್ತಾರೆ. ಹಳೆಯದು ಸತ್ತಿರುವುದು ನಿಜವೇ ಇರಬಹುದು. ಆದರೆ ಅದು ಏಕೆ ಸತ್ತಿತು ಎಂದು ತಿಳಿಯದೆ ಹೊಸದನ್ನು ಕೂರಿಸಿದರೆ ಒಂದೇ ಸೀಸನ್‌ನಲ್ಲಿ ಅದೂ ಅದೇ ದಾರಿ ಹಿಡಿಯುತ್ತದೆ. ಎಷ್ಟು ವೋಲ್ಟ್ ಎಂದಷ್ಟೇ ನೋಡಿದರೆ ಸಾಲದು. ಎಲ್ಲಿ ಅಳೆದಿರಿ, ಆಗ ಏನೇನು ಓಡುತ್ತಿತ್ತು ಎಂಬುದೂ ಜೊತೆಗಿದ್ದರೆ ಮಾತ್ರ ಆ ಅಂಕಿಗೆ ಅರ್ಥ.

ಎರಡು ಕರೆಂಟ್, ಎರಡು ಬೇರೆ ಜಾಲ

ಟ್ರೈಲರ್‌ನಲ್ಲಿ 120 ವೋಲ್ಟ್ ಎಸಿ ಒಂದು, 12 ವೋಲ್ಟ್ ಡಿಸಿ ಇನ್ನೊಂದು. ಏರ್ ಕಂಡಿಷನರ್, ಮೈಕ್ರೋವೇವ್, ಗೋಡೆಯ ಪ್ಲಗ್‌ಗಳು ಎಸಿ. ದೀಪ, ನೀರಿನ ಪಂಪ್, ಫರ್ನೇಸ್ (ಒಳಗೆ ಬಿಸಿಗಾಳಿ ಊದುವ ಗ್ಯಾಸ್ ಹೀಟರ್) ಫ್ಯಾನ್, ಫ್ರಿಜ್‌ನ ಕಂಟ್ರೋಲ್ ಬೋರ್ಡ್, ಗ್ಯಾಸ್ ಡಿಟೆಕ್ಟರ್ ಎಲ್ಲ ಡಿಸಿ. ಹೊರಗಿನ ಕರೆಂಟನ್ನು 12 ವೋಲ್ಟ್‌ಗೆ ಇಳಿಸಿ ಬ್ಯಾಟರಿಗೂ ತುಂಬುವುದು ಕನ್ವರ್ಟರ್. ಬ್ಯಾಟರಿಯಿಂದ 120 ವೋಲ್ಟ್ ಮಾಡುವುದು ಇನ್ವರ್ಟರ್. ಇವೆರಡರ ಹೆಸರನ್ನು ಅದಲುಬದಲು ಮಾಡಿಕೊಂಡು ತಪ್ಪು ಭಾಗ ತರಿಸಿಕೊಳ್ಳುವವರು ಬಹಳ.

ಸಾಧಾರಣ ಮಲ್ಟಿಮೀಟರ್ ಸಾಕು. ಜೊತೆಗೆ ಕ್ಲ್ಯಾಂಪ್ ಮೀಟರ್ ತರುವುದಾದರೆ ಅದು ಡಿಸಿ ಆಂಪ್ ಅಳೆಯುತ್ತದೆಯೇ ಎಂದು ನೋಡಿ ತನ್ನಿ. ಅಗ್ಗದವು ಬಹಳಷ್ಟು ಎಸಿ ಮಾತ್ರ ಅಳೆಯುತ್ತವೆ. 15, 20, 30, 40 ಆಂಪ್‌ನ ಬ್ಲೇಡ್ ಫ್ಯೂಸ್‌ಗಳು, ತಂತಿ ಬ್ರಷ್, ಅಡಿಗೆ ಸೋಡ, ಡಿಸ್ಟಿಲ್ಡ್ ವಾಟರ್, ಗೋಡೆಯ ಪ್ಲಗ್‌ಗೆ ಚುಚ್ಚುವ ಮೂರು ದೀಪದ ಟೆಸ್ಟರ್ ಇರಲಿ. ಎಸಿ ಪ್ಯಾನೆಲ್ ಮುಚ್ಚಳ ತೆಗೆಯುವ ಮೊದಲು ಹೊರಗಿನ ಕೇಬಲ್ ಕಿತ್ತಿರಬೇಕು, ಇನ್ವರ್ಟರ್ ಆಫ್ ಆಗಿರಬೇಕು. ಎರಡೂ.

ಮೊದಲ ಅಳತೆ: ಸುಮ್ಮನೆ ಕುಳಿತ ಬ್ಯಾಟರಿ

ಹೊರಗಿನ ಕರೆಂಟ್ ತೆಗೆಯಿರಿ, ಸೋಲಾರ್ ಫ್ಯೂಸ್ ಕೀಳಿರಿ, ಬ್ಯಾಟರಿಯನ್ನು ಟ್ರೈಲರ್‌ನಿಂದ ಬೇರ್ಪಡಿಸುವ ಡಿಸ್‌ಕನೆಕ್ಟ್ ಸ್ವಿಚ್ ಆಫ್ ಮಾಡಿ ನಾಲ್ಕು ಗಂಟೆಯಾದರೂ ಬಿಡಿ. ಚಾರ್ಜ್ ಮಾಡಿ ತೆಗೆದ ಕೂಡಲೇ ಅಳೆದರೆ 13 ತೋರಿಸಿ ಮೋಸ ಮಾಡುತ್ತದೆ. ಲೆಡ್ ಆಸಿಡ್ ಬ್ಯಾಟರಿಯಾದರೆ 12.7 ಅಂದರೆ ಪೂರ್ತಿ, 12.4 ಮುಕ್ಕಾಲು, 12.2 ಅರ್ಧ, 12.0 ಕಾಲು ಭಾಗ. ಅರ್ಧಕ್ಕಿಂತ ಕೆಳಗೆ ಪದೇಪದೇ ಇಳಿಸಿದರೆ ಆಯಸ್ಸು ಬೇಗ ಮುಗಿಯುತ್ತದೆ. ಹೀಗಾಗಿ 80 ಆಂಪ್ ಅವರ್ (ಎಷ್ಟು ಆಂಪ್ ಎಷ್ಟು ಗಂಟೆ ಎಂಬುದರ ಗುಣಲಬ್ಧ) ಎಂದು ಬರೆದಿದ್ದರೆ ನಿಮಗೆ ಲೆಕ್ಕಕ್ಕೆ ಸಿಗುವುದು 40 ಮಾತ್ರ.

ಸುಮ್ಮನಿದ್ದಾಗ 12.6 ತೋರಿಸಿದರೂ ಬ್ಯಾಟರಿ ಸರಿಯಿದೆ ಎಂದು ಹೇಳಲಾಗದು. ಫರ್ನೇಸ್ ಫ್ಯಾನ್, ಎಲ್ಲ ದೀಪ ಹಾಕಿ ಸುಮಾರು 10 ಆಂಪ್ ಎಳೆಯಿರಿ. ಒಳ್ಳೆಯ ಬ್ಯಾಟರಿ 12.2 ಅಥವಾ 12.3ಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಕೆಲವೇ ನಿಮಿಷದಲ್ಲಿ 11.5ರ ಕೆಳಗೆ ಜಾರಿದರೆ ಅದರಲ್ಲಿ ಸತ್ವ ಉಳಿದಿಲ್ಲ. ನೀರು ಹಾಕುವ ಬಗೆಯದಾದರೆ ಹೈಡ್ರೋಮೀಟರ್‌ನಿಂದ ಒಂದೊಂದು ಸೆಲ್ ನೋಡಿ. ಪೂರ್ತಿ ಚಾರ್ಜ್ ಆದಾಗ ಸಾಂದ್ರತೆ 1.265ರ ಆಸುಪಾಸು ಇರಬೇಕು. ಒಂದು ಸೆಲ್ ಮಾತ್ರ ಉಳಿದವಕ್ಕಿಂತ 0.050 ಕಡಿಮೆ ಇದ್ದರೆ ಆ ಬ್ಯಾಟರಿಯ ಕಥೆ ಮುಗಿಯಿತು. ಇನ್ನು ಡೀಲರ್‌ಗಳು ಟ್ರೈಲರ್ ಜೊತೆ ಕೊಡುವ, ಕ್ರ್ಯಾಂಕಿಂಗ್ ಆಂಪ್ (ಎಂಜಿನ್ ಸ್ಟಾರ್ಟ್ ಮಾಡುವ ಶಕ್ತಿ) ಸಂಖ್ಯೆ ದೊಡ್ಡದಾಗಿ ಅಚ್ಚಾದ ಮರೀನ್ ಬ್ಯಾಟರಿ ನಿಜವಾದ ಡೀಪ್ ಸೈಕಲ್, ಅಂದರೆ ಆಳವಾಗಿ ಖಾಲಿ ಮಾಡಿ ಮತ್ತೆ ಮತ್ತೆ ತುಂಬಬಲ್ಲಂಥದ್ದು, ಅಲ್ಲ. ಪ್ಲಗ್ ಇರುವ ಕ್ಯಾಂಪಿಗೆ ಸಾಕು, ಅಷ್ಟೇ. ಲೆಡ್ ಆಸಿಡ್‌ನಲ್ಲೇ ಇರುವುದಾದರೆ 6 ವೋಲ್ಟ್‌ನ ಎರಡು ಗಾಲ್ಫ್ ಕಾರ್ಟ್ ಬ್ಯಾಟರಿಗಳನ್ನು ಸೀರೀಸ್‌ನಲ್ಲಿ ಹಾಕುವುದು ಮೇಲು; 210 ಆಂಪ್ ಅವರ್ ಆಸುಪಾಸು ಸಿಗುತ್ತದೆ.

ತುಂಬುತ್ತಿದೆಯೇ?

ಬಹುಪಾಲು ದೋಷ ಸಿಕ್ಕುವುದು ಇಲ್ಲೇ. ಕೇಬಲ್ ಚುಚ್ಚಿ, ಬ್ಯಾಟರಿಯ ಕಂಬಗಳ (ಟರ್ಮಿನಲ್‌ಗಳ) ಮೇಲೆಯೇ ಮೀಟರ್ ಇಟ್ಟು ನೋಡಿ. 13.2ರಿಂದ 14.4ರ ನಡುವೆ ಇದ್ದರೆ ತುಂಬುತ್ತಿದೆ. ಕರೆಂಟ್ ಚುಚ್ಚುವ ಮುಂಚೆ ಇದ್ದ 12.4 ಹಾಗೆಯೇ ನಿಂತಿದ್ದರೆ ತುಂಬುತ್ತಿಲ್ಲ. ಆಗ ಈ ಕ್ರಮದಲ್ಲಿ ಹೋಗಿ:

1. ಡಿಸ್‌ಕನೆಕ್ಟ್ ಸ್ವಿಚ್ ಆನ್ ಇದೆಯೇ? ಬಹಳ ಟ್ರೈಲರ್‌ಗಳಲ್ಲಿ ಅದು ಆಫ್ ಇದ್ದರೆ ಕನ್ವರ್ಟರ್‌ನ ಚಾರ್ಜ್ ಬ್ಯಾಟರಿಗೆ ತಲುಪುವುದೇ ಇಲ್ಲ. ಚಳಿಗಾಲವಿಡೀ ಪ್ಲಗ್ ಹಾಕಿಟ್ಟೂ ಬ್ಯಾಟರಿ ಸತ್ತಿತು ಎನ್ನುವವರ ಕಥೆ ಸಾಮಾನ್ಯವಾಗಿ ಇದೇ.
2. ಎಸಿ ಪ್ಯಾನೆಲ್‌ನಲ್ಲಿ ಕನ್ವರ್ಟರ್ ಎಂದು ಬರೆದ ಬ್ರೇಕರ್ ಆನ್ ಇದೆಯೇ?
3. ಕನ್ವರ್ಟರ್‌ನ ಡಿಸಿ ಔಟ್‌ಪುಟ್‌ನಲ್ಲಿ ಅಳೆಯಿರಿ. ಅಲ್ಲಿ 13.6, ಬ್ಯಾಟರಿಯಲ್ಲಿ 12.4 ಎಂದಾದರೆ ಕನ್ವರ್ಟರ್ ಸರಿ, ನಡುವಿನ ದಾರಿ ಕಡಿದಿದೆ.
4. ಎರಡು ಕಡೆಯೂ 12.4 ಇದ್ದರೆ ಬ್ಯಾಟರಿಯ ಪಾಸಿಟಿವ್ ತಂತಿ ಬಿಚ್ಚಿ, ಅದರ ತುದಿಗೆ ಟೇಪ್ ಸುತ್ತಿ, ಮತ್ತೆ ಕನ್ವರ್ಟರ್ ಔಟ್‌ಪುಟ್ ನೋಡಿ. 13.2ರಿಂದ 13.8ರವರೆಗೆ ಬರಬೇಕು. ಸೊನ್ನೆಯಾದರೆ ಕನ್ವರ್ಟರ್ ಹೋಗಿದೆ, ಅಥವಾ ಅದಕ್ಕೆ 120 ವೋಲ್ಟ್ ಬರುತ್ತಿಲ್ಲ.

ನಡುವಿನ ದಾರಿಯಲ್ಲಿ ಸಂಶಯಪಡಬೇಕಾದವು ಎರಡೇ. ಮೊದಲನೆಯದು ಟ್ರೈಲರ್ ಮೂತಿಯಲ್ಲಿ, ಬ್ಯಾಟರಿ ಪಕ್ಕದಲ್ಲೇ ಇರುವ ಬೆಂಕಿಪೊಟ್ಟಣದಷ್ಟು ಪುಟ್ಟ ಬ್ರೇಕರ್. 30ರಿಂದ 50 ಆಂಪ್‌ನದು, ತಾನಾಗಿಯೇ ರೀಸೆಟ್ ಆಗುವಂಥದ್ದು. ಮಳೆ, ರಸ್ತೆಯ ಉಪ್ಪು, ಧೂಳು ಎಲ್ಲ ತಿಂದು ತುಕ್ಕು ಹಿಡಿಯುತ್ತದೆ. ಅದರ ಎರಡು ಬೋಲ್ಟ್‌ಗಳಲ್ಲೂ ಬ್ಯಾಟರಿ ನೆಗೆಟಿವ್‌ಗೆ ಅಳೆದರೆ ಒಂದೇ ವೋಲ್ಟೇಜ್ ಬರಬೇಕು. ಒಂದರಲ್ಲಿ 12.6, ಇನ್ನೊಂದರಲ್ಲಿ 9 ಅಥವಾ ಸೊನ್ನೆ ಎಂದರೆ ದೋಷಿ ಸಿಕ್ಕಿತು. ಕೆಲವೇ ಡಾಲರ್‌ನ ಭಾಗ. ಒಂದು ಹೆಚ್ಚಿಗೆ ತಂದು ಪೆಟ್ಟಿಗೆಯಲ್ಲಿ ಇಟ್ಟಿರಿ.

ಎರಡನೆಯದು ಡಿಸಿ ಫ್ಯೂಸ್ ಬೋರ್ಡಿನಲ್ಲಿ ಅಕ್ಕಪಕ್ಕ ಕುಳಿತ 30 ಅಥವಾ 40 ಆಂಪ್‌ನ ಜೋಡಿ ಫ್ಯೂಸ್. ಬ್ಯಾಟರಿಯನ್ನು ಉಲ್ಟಾ ಜೋಡಿಸಿದಾಗ ತಾವು ಸುಟ್ಟುಹೋಗಿ ಕನ್ವರ್ಟರ್ ಉಳಿಸುವುದು ಅವುಗಳ ಕೆಲಸ. ಇವು ಹೋಗಿದ್ದರೆ ಲಕ್ಷಣ ಸ್ಪಷ್ಟ: ಪ್ಲಗ್ ಹಾಕಿದಾಗ ಎಲ್ಲ ದೀಪ ಉರಿಯುತ್ತವೆ, ಕಿತ್ತರೆ ಪೂರ್ತಿ ಕತ್ತಲೆ, ಬ್ಯಾಟರಿ ಮಾತ್ರ 12.6. ಮೂತಿಯ ಎಲೆಕ್ಟ್ರಿಕ್ ಜ್ಯಾಕ್ ಏರುತ್ತದೆ, ಇಳಿಯುತ್ತದೆ, ಯಾಕೆಂದರೆ ಅದರ ತಂತಿ ಸಾಮಾನ್ಯವಾಗಿ ನೇರ ಬ್ಯಾಟರಿಗೇ ಇರುತ್ತದೆ. ಫ್ಯೂಸ್ ಕಿತ್ತು ಮೀಟರ್‌ನಿಂದ ಕಂಟಿನ್ಯುಟಿ (ದಾರಿ ಕಡಿಯದೆ ಕೂಡಿದೆಯೇ ಎಂಬುದು) ನೋಡಿ; ಗಾಜಿನಂಥ ಬೆನ್ನಿನ ಮೂಲಕ ಕಣ್ಣಲ್ಲಿ ನೋಡಿದರೆ ಎಷ್ಟೋ ಸಲ ಗೊತ್ತಾಗುವುದಿಲ್ಲ. ಹೊಸದು ಹಾಕುವಾಗ ಎರಡನ್ನೂ ಒಟ್ಟಿಗೆ ಹಾಕಿ, ಬ್ಯಾಟರಿ ಬಿಚ್ಚಿಟ್ಟು ಹಾಕಿ.

ಬ್ಯಾಟರಿ ಉಲ್ಟಾ ಆಗುವುದು ಅಜಾಗರೂಕತೆಯಿಂದ ಮಾತ್ರವಲ್ಲ. ಕಾರಿನಲ್ಲಿ ಕಪ್ಪು ತಂತಿ ಎಂದರೆ ನೆಗೆಟಿವ್. ಟ್ರೈಲರ್‌ನ 12 ವೋಲ್ಟ್ ಜಾಲದಲ್ಲಿ ಬಿಳಿಯದು ನೆಗೆಟಿವ್, ಕಪ್ಪು ಪಾಸಿಟಿವ್ ಆಗಿರುವುದು ತೀರಾ ಸಾಮಾನ್ಯ. ನಮ್ಮೂರಿನ ವೈರಿಂಗ್ ಕಂಡವರಿಗೆ ಗೊಂದಲ ಇನ್ನೂ ಹೆಚ್ಚು: ಅಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್ ಎಂದು ರೂಢಿ, ಅಮೆರಿಕದ 120 ವೋಲ್ಟ್‌ನಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್. ಹಳೆಯ ಬ್ಯಾಟರಿ ಬಿಚ್ಚುವ ಮುಂಚೆ ಪಾಸಿಟಿವ್ ತಂತಿಗೆಲ್ಲ ಕೆಂಪು ಟೇಪ್ ಸುತ್ತಿ, ಮೊಬೈಲಲ್ಲಿ ಫೋಟೋ ತೆಗೆದುಕೊಳ್ಳಿ. ಟೇಪ್ ಹಾಕದೆ ಬಿಚ್ಚಿಬಿಟ್ಟಿದ್ದರೆ ಬಣ್ಣ ನೋಡಿ ಊಹಿಸಬೇಡಿ. ಟ್ರೈಲರ್‌ನ ಚಾಸಿ (ಅಡಿಯ ಚೌಕಟ್ಟು) ಲೋಹಕ್ಕೆ ಕಂಟಿನ್ಯುಟಿ ತೋರಿಸುವ ತಂತಿಯೇ ನೆಗೆಟಿವ್.

ತುಂಬುತ್ತಿದೆ, ಆದರೆ ತುಂಬುವುದೇ ಇಲ್ಲ

ಕನ್ವರ್ಟರ್‌ನಲ್ಲಿ 14.4, ಬ್ಯಾಟರಿಯಲ್ಲಿ 13.3. ಎರಡು ದಿನ ಪ್ಲಗ್‌ನಲ್ಲಿದ್ದರೂ ಪೂರ್ತಿ ಆಗುವುದಿಲ್ಲ. ಇದು ಸಪೂರ ತಂತಿಯ ಕಾಟ. ಗೇಜ್ ಸಂಖ್ಯೆ ಚಿಕ್ಕದಾದಷ್ಟೂ ತಂತಿ ದಪ್ಪ. 10 ಗೇಜ್ ತಾಮ್ರದ ತಂತಿಗೆ ಸಾವಿರ ಅಡಿಗೆ ಸುಮಾರು 1 ಓಮ್ ರೋಧ. ಕನ್ವರ್ಟರ್‌ನಿಂದ ಬ್ಯಾಟರಿಗೆ 20 ಅಡಿ ಇದ್ದರೆ ಹೋಗಿ ಬರುವ ದಾರಿ 40 ಅಡಿ, ಅಂದರೆ 0.04 ಓಮ್. 30 ಆಂಪ್ ಹರಿದಾಗ 1.2 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಅದೇ ದೂರಕ್ಕೆ 6 ಗೇಜ್ ಎಳೆದರೆ ನಷ್ಟ ಅರ್ಧ ವೋಲ್ಟ್‌ಗಿಂತ ಕಡಿಮೆ, 4 ಗೇಜ್‌ಗೆ 0.3 ವೋಲ್ಟ್. ತಂತಿಯ ಜೊತೆ ಚಾಸಿಗೆ ಬಿಗಿದ ನೆಗೆಟಿವ್ ಬೋಲ್ಟನ್ನೂ ಮರೆಯಬೇಡಿ. ಬಣ್ಣದ ಮೇಲೆಯೇ ಬಿಗಿದಿದ್ದರೆ ಕೆರೆದು ಲೋಹ ಹೊಳೆಯುವಂತೆ ಮಾಡಿ ಮತ್ತೆ ಬಿಗಿಯಿರಿ.

ಯಾವ ಜಾಯಿಂಟ್ ಕೆಟ್ಟಿದೆ ಎಂದು ಹುಡುಕಲು ಸುಲಭ ದಾರಿಯಿದೆ. ಕರೆಂಟ್ ಹರಿಯುತ್ತಿರುವಾಗ ಮೀಟರ್‌ನ ಎರಡು ಕಡ್ಡಿಗಳನ್ನು ಆ ಜಾಯಿಂಟ್‌ನ ಆಚೆಗೊಂದು ಈಚೆಗೊಂದು ಇಡಿ. ಒಳ್ಳೆಯ ಜಾಯಿಂಟ್ ಸೊನ್ನೆಯ ಹತ್ತಿರ ತೋರಿಸುತ್ತದೆ. 0.2 ವೋಲ್ಟ್ ದಾಟಿದರೆ ಬಿಚ್ಚಿ, ಉಜ್ಜಿ, ಬಿಗಿ ಮಾಡಿ. ಬ್ಯಾಟರಿ ಕಂಬದ ಮೇಲಿನ ಬಿಳಿ ಹುಡಿಗೆ ಅಡಿಗೆ ಸೋಡ ಬೆರೆಸಿದ ನೀರು ಸಾಕು. ಸೆಲ್ಲಿನೊಳಗೆ ಮಾತ್ರ ಒಂದು ಹನಿಯೂ ಬೀಳಬಾರದು.

ಸೋರಿಕೆ

ಚಾರ್ಜ್ ಸರಿಯಿದ್ದೂ ನಿಲ್ಲಿಸಿಟ್ಟ ಟ್ರೈಲರ್‌ನ ಬ್ಯಾಟರಿ ವಾರದೊಳಗೆ ಖಾಲಿಯಾದರೆ ಏನೋ ಸದಾ ಎಳೆಯುತ್ತಿದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ತಂತಿಗೂ ಕಂಬಕ್ಕೂ ನಡುವೆ ಮೀಟರನ್ನು 10 ಆಂಪ್ ಸ್ಥಾನದಲ್ಲಿ ಜೋಡಿಸಿ. ಆಗ ಯಾರೂ ಜ್ಯಾಕ್ ಅಥವಾ ಸ್ಲೈಡ್ (ಹೊರಕ್ಕೆ ಜಾರುವ ಕೋಣೆಯ ಭಾಗ) ಗುಂಡಿ ಒತ್ತದಂತೆ ನೋಡಿಕೊಳ್ಳಿ. ಒತ್ತಿದರೆ ಮೀಟರ್‌ನ ಫ್ಯೂಸ್ ಹಾರುತ್ತದೆ. ಎಲ್ಲ ಆಫ್ ಮಾಡಿದ ಮೇಲೂ 0.2ರಿಂದ 0.5 ಆಂಪ್ ಇರುವುದು ಸಹಜ: ಗ್ಯಾಸ್ ಡಿಟೆಕ್ಟರ್, ರೇಡಿಯೋ, ಫ್ರಿಜ್ ಬೋರ್ಡ್. ಆ ಅರ್ಧ ಆಂಪ್ ಕೂಡ ದಿನಕ್ಕೆ 12 ಆಂಪ್ ಅವರ್. 80ರ ಬ್ಯಾಟರಿ ಮೂರು ದಿನ ಕಳೆಯುತ್ತಲೇ ಅರ್ಧಕ್ಕೆ ಇಳಿದಿರುತ್ತದೆ. ಇದು ದೋಷವಲ್ಲ, ಲೆಕ್ಕ. ನಿಲ್ಲಿಸಿಡುವಾಗ ಡಿಸ್‌ಕನೆಕ್ಟ್ ಆಫ್ ಮಾಡುವುದೇ ಮದ್ದು.

1 ಆಂಪ್ ದಾಟಿದರೆ ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳುತ್ತ ಬನ್ನಿ, ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಆ ಸಾಲು ಹಿಡಿಯಿರಿ. ಟಿವಿ ಆಂಟೆನಾ ಬೂಸ್ಟರ್‌ನ ಪುಟ್ಟ ಗುಂಡಿ, ಸಾಮಾನು ಗೂಡಿನಲ್ಲಿ ಉರಿಯುತ್ತ ಉಳಿದ ದೀಪ, ಟ್ಯಾಂಕ್ ಬಿಸಿ ಮಾಡುವ ಪ್ಯಾಡ್, ಫ್ರಿಜ್ ಬಾಗಿಲಂಚಿನ ಹೀಟರ್, ಸ್ಟ್ಯಾಂಡ್‌ಬೈನಲ್ಲಿ ಬಿಟ್ಟ ಇನ್ವರ್ಟರ್ ಇವೆಲ್ಲ ಹಳೇ ಆರೋಪಿಗಳು. 2000 ವ್ಯಾಟ್ ಇನ್ವರ್ಟರ್ ಏನೂ ಮಾಡದೆ 1ರಿಂದ 2 ಆಂಪ್ ತಿನ್ನಬಲ್ಲದು. ಯಾವ ಫ್ಯೂಸ್ ಕಿತ್ತರೂ ಅಂಕಿ ಬೀಳದಿದ್ದರೆ ಮೂತಿಯ ಬ್ರೇಕ್‌ಅವೇ ಸ್ವಿಚ್ (ಟ್ರಕ್ಕಿನಿಂದ ಟ್ರೈಲರ್ ಕಳಚಿದರೆ ತಾನಾಗಿ ಬ್ರೇಕ್ ಹಾಕುವಂಥದ್ದು) ನೋಡಿ. ಅದರ ಪಿನ್ ಸ್ವಲ್ಪ ಹೊರಬಂದಿದ್ದರೂ ನಾಲ್ಕು ಚಕ್ರದ ಬ್ರೇಕ್ ಮ್ಯಾಗ್ನೆಟ್‌ಗಳು ಸೇರಿ 12 ಆಂಪ್‌ನಷ್ಟು ಎಳೆಯುತ್ತವೆ, ಚಕ್ರಗಳೂ ಬಿಗಿದಿರುತ್ತವೆ.

ಚಳಿ ರಾತ್ರಿಯ ಫರ್ನೇಸ್

ಗ್ಯಾಸ್ ಫರ್ನೇಸ್ ಎಂದ ಮಾತ್ರಕ್ಕೆ ಕರೆಂಟ್ ಬೇಡ ಎಂದುಕೊಳ್ಳುವುದು ತಪ್ಪು. ಫ್ಯಾನ್‌ಗೆ 7ರಿಂದ 8 ಆಂಪ್ ಬೇಕು. ರಾತ್ರಿಯ ಹತ್ತು ಗಂಟೆಯಲ್ಲಿ ನಾಲ್ಕು ಗಂಟೆ ಓಡಿದರೂ 30 ಆಂಪ್ ಅವರ್ ಹೋಯಿತು. ನಿಮ್ಮ ಹತ್ತಿರ ಇದ್ದದ್ದೇ 40.

ಫ್ಯಾನ್ ತಿರುಗುತ್ತದೆ, ಬೆಂಕಿ ಹತ್ತುವುದಿಲ್ಲ, ಸ್ವಲ್ಪ ಹೊತ್ತಿಗೆ ನಿಂತುಬಿಡುತ್ತದೆ ಎಂಬ ದೂರು ಬಂದರೆ ಗ್ಯಾಸ್ ಸಿಲಿಂಡರ್‌ಗಿಂತ ಮೊದಲು ವೋಲ್ಟೇಜ್ ನೋಡಿ. ಗಾಳಿ ಸಾಕಷ್ಟು ಜೋರಾಗಿ ಬೀಸಿದರಷ್ಟೇ ಒಳಗಿನ ಸೈಲ್ ಸ್ವಿಚ್ ಕೂಡುತ್ತದೆ. ಅದು ಕೂಡದೆ ಗ್ಯಾಸ್ ತೆರೆಯುವುದಿಲ್ಲ. ಫರ್ನೇಸ್‌ಗೆ ತಲುಪುವ ವೋಲ್ಟೇಜ್ 10.5ರ ಹತ್ತಿರ ಇಳಿದರೆ ಫ್ಯಾನ್ ಆ ವೇಗ ಮುಟ್ಟುವುದಿಲ್ಲ. ಪ್ಲಗ್ ಹಾಕಿ ನೋಡಿ: ಹತ್ತಿದರೆ ಬ್ಯಾಟರಿ ಅಥವಾ ತಂತಿಯ ದೋಷ. ಪ್ಲಗ್ ಇದ್ದೂ ಹತ್ತದಿದ್ದರೆ ಮಾತ್ರ ಸೈಲ್ ಸ್ವಿಚ್‌ಗೆ ಸುತ್ತಿದ ಕೂದಲು, ನೂಲು, ಗಾಳಿ ಬಾಯಿಯಲ್ಲಿ ಕಣಜ ಕಟ್ಟಿದ ಗೂಡು, ಆಮೇಲೆ ಗ್ಯಾಸ್.

ಲಿಥಿಯಂಗೆ ಬದಲಾಯಿಸಿದ ಮೇಲೆ

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿದರೆ ಹಳೆಯ ವೋಲ್ಟೇಜ್ ಪಟ್ಟಿ ಮರೆತುಬಿಡಿ. ಪೂರ್ತಿ ಇದ್ದಾಗ 13.3ರ ಮೇಲೆ, ಬಹುಪಾಲು ಖಾಲಿಯಾಗುವವರೆಗೂ 13ರ ಆಸುಪಾಸಿನಲ್ಲೇ ಇರುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ನೆಗೆಟಿವ್ ತಂತಿಯಲ್ಲಿ ಶಂಟ್ (ಹರಿದ ಆಂಪ್ ಅಳೆಯುವ ತುಂಡು) ಹಾಕಿದ ಮಾನಿಟರ್ ಬೇಕೇ ಬೇಕು. ಇದರಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಟರ್ಮಿನಲ್‌ನಲ್ಲಿ ಸೊನ್ನೆ ಅಥವಾ ಒಂದೆರಡು ವೋಲ್ಟ್ ಕಂಡರೆ ಬ್ಯಾಟರಿ ಸತ್ತಿಲ್ಲ. ಒಳಗಿನ ರಕ್ಷಣಾ ಬೋರ್ಡ್ ಬಾಗಿಲು ಹಾಕಿಕೊಂಡಿದೆ. ತೀರಾ ಖಾಲಿಯಾಗಿ ಹೀಗಾಗಿದ್ದರೆ ಲಿಥಿಯಂ ಚಾರ್ಜರ್ ಕೊಟ್ಟಾಗ ಎಚ್ಚರವಾಗುತ್ತದೆ. ವೋಲ್ಟೇಜ್ ಸರಿಯಿದ್ದೂ ಚಳಿಗಾಲದಲ್ಲಿ ಚಾರ್ಜ್ ಮಾತ್ರ ಆಗದಿದ್ದರೆ ಸೆಲ್‌ಗಳು ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿವೆಯೇ ನೋಡಿ. ಆ ಚಳಿಯಲ್ಲಿ ತುಂಬಿಸಿದರೆ ಸೆಲ್ ಹಾಳಾಗುವುದರಿಂದ ಬೋರ್ಡ್ ತಡೆಯುತ್ತದೆ, ಅದು ಸರಿಯೇ. ಹಳೆಯ ಕನ್ವರ್ಟರ್ 13.6ರಲ್ಲೇ ನಿಂತರೆ ಲಿಥಿಯಂ ತುಂಬುವುದು ಬಲು ನಿಧಾನ, ಪೂರ್ತಿಯೂ ಆಗದು, 14.2ರಿಂದ 14.6 ಕೊಡುವ ಕನ್ವರ್ಟರ್ ಬೇಕು. ಎಳೆಯುವ ಟ್ರಕ್ಕಿನ ಏಳು ಪಿನ್ ಪ್ಲಗ್‌ನಿಂದ ತುಂಬಿಕೊಳ್ಳುವ ಆಸೆ ಇದ್ದರೆ ನಡುವೆ ಡಿಸಿ-ಡಿಸಿ ಚಾರ್ಜರ್ (ಟ್ರಕ್ಕಿನ ಕರೆಂಟನ್ನು ಮಿತಿಯಲ್ಲಿಟ್ಟು ಬೇಕಾದ ವೋಲ್ಟೇಜ್ ಕೊಡುವುದು) ಇಡಿ. ಇಲ್ಲದಿದ್ದರೆ ಲಿಥಿಯಂ ಒಮ್ಮೆಲೇ ಎಳೆದು ಟ್ರಕ್ಕಿನ ಫ್ಯೂಸ್ ಸುಡುತ್ತದೆ, ಅಥವಾ ಸಪೂರ ತಂತಿಯಲ್ಲಿ ವೋಲ್ಟೇಜ್ ಕರಗಿ ಏನೂ ತುಂಬುವುದಿಲ್ಲ. ಕೆಲವು ಟ್ರಕ್‌ಗಳಲ್ಲಿ ಈ ಸಾಲಿನ ಫ್ಯೂಸನ್ನು ಕಾರ್ಖಾನೆಯಲ್ಲಿ ಹಾಕಿಯೇ ಇರುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ಸೋಲಾರ್ ಬಗ್ಗೆ ಒಂದೇ ಮಾತು: ನಡುಹಗಲಲ್ಲಿ ಕಂಟ್ರೋಲರ್ ಸೊನ್ನೆ ಆಂಪ್ ತೋರಿಸಿದರೆ ಗಾಬರಿಯಾಗುವ ಮುಂಚೆ ಬ್ಯಾಟರಿ ಪೂರ್ತಿಯಾಗಿದೆಯೇ ನೋಡಿ, ದೀಪ, ಪಂಪ್ ಹಾಕಿ ಮತ್ತೆ ನೋಡಿ. ಆಗಲೂ ಏರದಿದ್ದರೆ ಪ್ಯಾನೆಲ್ ಕಡೆಯ ಫ್ಯೂಸ್, ಚಾವಣಿಯ ಕನೆಕ್ಟರ್, ಏರ್ ಕಂಡಿಷನರ್ ಗೂಡಿನ ನೆರಳು.

120 ವೋಲ್ಟ್ ಕಡೆ

30 ಆಂಪ್ ಟ್ರೈಲರ್‌ಗೆ ಒಟ್ಟು 3600 ವ್ಯಾಟ್. 13,500 ಬಿಟಿಯು ಏರ್ ಕಂಡಿಷನರ್ ಸುಮಾರು 13 ಆಂಪ್, ಮೈಕ್ರೋವೇವ್ 13, ನೀರಿನ ಹೀಟರ್‌ನ ಎಲಿಮೆಂಟ್ 12; ಮೂರೂ ಒಟ್ಟಿಗೆ 38. ಬ್ರೇಕರ್ ಬೀಳಲೇಬೇಕು. ಚಟ್ನಿಗೆಂದು ಮಿಕ್ಸಿ ಹಾಕಿದರೆ ಇನ್ನೂ 5 ಆಂಪ್. ಅದೂ 110 ವೋಲ್ಟ್‌ನ ಮಿಕ್ಸಿಯಾದರೆ. ಊರಿಂದ ತಂದ 230 ವೋಲ್ಟ್‌ನದು ಇಲ್ಲಿ ನರಳುತ್ತದೆ, ಅರೆಯುವುದಿಲ್ಲ. ನೀರಿನ ಹೀಟರನ್ನು ಗ್ಯಾಸ್‌ಗೆ ಹಾಕಿ, ಮೈಕ್ರೋವೇವ್ ಓಡುವಷ್ಟು ಹೊತ್ತು ಏರ್ ಕಂಡಿಷನರ್ ನಿಲ್ಲಿಸಿ.

ಮನೆಯ ಗ್ಯಾರೇಜಿನ 15 ಆಂಪ್ ಪ್ಲಗ್‌ಗೆ ಅಡಾಪ್ಟರ್ ಹಾಕಿದರೆ ಸಿಗುವುದು 1800 ವ್ಯಾಟ್. ಖಾಲಿ ಬ್ಯಾಟರಿ ತುಂಬುವಾಗ 55 ಆಂಪ್ ಕನ್ವರ್ಟರ್ ಒಂದೇ ಸುಮಾರು 900 ವ್ಯಾಟ್ ನುಂಗುತ್ತದೆ. ಎಕ್ಸ್‌ಟೆನ್ಷನ್ ತಂತಿ 12 ಗೇಜ್‌ಗಿಂತ ಸಪೂರ ಬೇಡ. ಅಲ್ಲಿನ ಜಿಎಫ್‌ಸಿಐ (ಕರೆಂಟ್ ಗ್ರೌಂಡಿಗೆ ಸೋರಿದರೆ ತಾನಾಗಿ ಕಡಿಯುವ ಪ್ಲಗ್) ಚುಚ್ಚಿದ ಕೂಡಲೇ ಬಿದ್ದರೆ ಟ್ರೈಲರ್‌ನ ಎಲ್ಲ ಬ್ರೇಕರ್ ಆಫ್ ಮಾಡಿ ಚುಚ್ಚಿ, ಒಂದೊಂದಾಗಿ ಆನ್ ಮಾಡುತ್ತ ಬನ್ನಿ. ನೀರಿನ ಹೀಟರ್‌ನ ಸರದಿಯಲ್ಲಿ ಬಿದ್ದರೆ ಎಲಿಮೆಂಟ್ ಒಡೆದು ಕರೆಂಟ್ ನೀರಿಗೆ ಸೋರುತ್ತಿದೆ. ತಂತಿ ಬಿಚ್ಚಿ ಅಳೆದಾಗ 1440 ವ್ಯಾಟ್ ಎಲಿಮೆಂಟ್ 10 ಓಮ್ ತೋರಿಸಬೇಕು, ಅದರಿಂದ ಟ್ಯಾಂಕ್ ಲೋಹಕ್ಕೆ ಏನೂ ತೋರಿಸಬಾರದು. ಟ್ಯಾಂಕ್‌ನಲ್ಲಿ ನೀರಿಲ್ಲದೆ ಸ್ವಿಚ್ ಹಾಕಿದರೆ ಎಲಿಮೆಂಟ್ ನೋಡನೋಡುತ್ತಲೇ ಸುಡುತ್ತದೆ. ಎಲ್ಲ ಬ್ರೇಕರ್ ಆಫ್ ಇದ್ದರೂ ಬೀಳುತ್ತಿದ್ದರೆ ಟ್ರೈಲರ್ ಪ್ಯಾನೆಲ್‌ನಲ್ಲಿ ನ್ಯೂಟ್ರಲ್ ಮತ್ತು ಗ್ರೌಂಡ್ ಎಲ್ಲೋ ಕೂಡಿವೆ. ಅಲ್ಲಿ ಅವು ಬೇರೆಬೇರೆಯಾಗಿಯೇ ಇರಬೇಕು.

ಬಾಗಿಲ ಹಿಡಿ ಮುಟ್ಟಿದಾಗ ಜುಮ್ಮೆಂದರೆ ಪರೀಕ್ಷೆ ಮುಂದುವರಿಸಬೇಡಿ. ಟ್ರೈಲರ್‌ಗೆ ಕರೆಂಟ್ ಕೊಡುವ ಹೊರಗಿನ ಕಂಬದ ಬ್ರೇಕರ್ ಆಫ್ ಮಾಡಿ, ಕೇಬಲ್ ಕೀಳಿ. ಗ್ರೌಂಡ್ ತಂತಿ ಎಲ್ಲೋ ಕಡಿದಿದೆ, ಇದರಲ್ಲಿ ಜೀವ ಹೋಗುತ್ತದೆ.

ಕೊನೆಯದಾಗಿ, ಮನೆಯಲ್ಲೇ 30 ಆಂಪ್ ಪ್ಲಗ್ ಹಾಕಿಸುವವರಿಗೆ. ಟ್ರೈಲರ್‌ನ ಟಿಟಿ-30 ಪ್ಲಗ್ 120 ವೋಲ್ಟ್‌ನದು: ಸಿಂಗಲ್ ಪೋಲ್ 30 ಆಂಪ್ ಬ್ರೇಕರ್, 10 ಗೇಜ್ ತಂತಿ, ಫೇಸ್, ನ್ಯೂಟ್ರಲ್, ಗ್ರೌಂಡ್. ಇದನ್ನು ಬಟ್ಟೆ ಒಣಗಿಸುವ ಡ್ರೈಯರ್ ಪ್ಲಗ್ ಎಂದುಕೊಂಡು 240 ವೋಲ್ಟ್ ಎಳೆದುಬಿಡುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಅದಕ್ಕೆ ಟ್ರೈಲರ್ ಚುಚ್ಚಿದರೆ ಕನ್ವರ್ಟರ್, ಮೈಕ್ರೋವೇವ್, ಟಿವಿ ಒಟ್ಟಿಗೆ ಸುಡುತ್ತವೆ. ಕೆಲಸ ಮುಗಿದು ಎಲೆಕ್ಟ್ರಿಷಿಯನ್ ಹೊರಡುವ ಮುನ್ನ ಪ್ಲಗ್‌ನಲ್ಲಿ ಅವರೆದುರೇ ಅಳೆಯಿರಿ. ಫೇಸ್‌ನಿಂದ ನ್ಯೂಟ್ರಲ್‌ಗೆ 120, ಫೇಸ್‌ನಿಂದ ಗ್ರೌಂಡ್‌ಗೆ 120, ನ್ಯೂಟ್ರಲ್‌ನಿಂದ ಗ್ರೌಂಡ್‌ಗೆ ಸೊನ್ನೆಯ ಹತ್ತಿರ ಬರಬೇಕು. ಎಲ್ಲಾದರೂ 240 ಕಂಡರೆ, ಅಥವಾ ಮನೆಯ ಪ್ಯಾನೆಲ್‌ನಲ್ಲಿ ಆ ಸಾಲಿಗೆ ಜೋಡಿ ಬ್ರೇಕರ್ ಕೂತಿದ್ದರೆ, ಕೇಬಲನ್ನು ಚೀಲದಿಂದ ತೆಗೆಯಲೇಬೇಡಿ. ಮೊದಲು ಅದನ್ನು ಸರಿ ಮಾಡಿಸಿ.